ಸ್ಲಿಪ್-ಆನ್ ಅಂತಲೇ ಬರೀರಿ

ಶನಿವಾರ ಬೆಳಿಗ್ಗೆ ಜಯೇಶ್ ಶೆಟ್ಟಿ ಮುಂಬೈ ಬಳಿಯ ಡೊಂಬಿವಲಿಯ ಪೊಲೀಸ್ ಠಾಣೆಗೆ ಓಡೋಡಿ ಬಂದ. ರಾಸಾಯನಿಕ ಕಾರ್ಖಾನೆಗಳಿಗೆ ಪ್ರೆಶರ್ ವೆಸಲ್ ಎಂಬ, ಒತ್ತಡ ತಾಳುವ ಉಕ್ಕಿನ ಟ್ಯಾಂಕು ಕಟ್ಟಿಕೊಡುವ ವರ್ಕ್‌ಶಾಪು ಅವನದು. ಬದಲಾಪುರದ ಕಾರ್ಖಾನೆಗೆ ಹೊರಡಬೇಕಿದ್ದ ವೆಸಲ್ಲಿನ ನಾಜಲನ್ನು, ಅಂದರೆ ಪೈಪು ಜೋಡಿಸುವ ಮೂತಿಯನ್ನು, ಶುಕ್ರವಾರದ ವಾರದ ರಜೆಯಲ್ಲಿ ಯಾರೋ ಗ್ಯಾಸ್ ಕಟರಿನಿಂದ ಕತ್ತರಿಸಿಹಾಕಿದ್ದರು. ಎಫ್‌ಐಆರ್ ದಾಖಲಾಯಿತು. ಸಂಜೆಯೊಳಗೆ ಬೇರೆಯದನ್ನು ಬೆಸೆದು ಕಳಿಸಬೇಕು, ಬೇಗ ಮುಗಿಸಿ ಎಂದು ಜಯೇಶ್ ಅವಸರಪಡಿಸಿದ.

ಇನ್‌ಸ್ಪೆಕ್ಟರ್ ರಾಜಶೇಖರ ಅಕ್ಕಲಕೋಟೆ ಕಡೆಯ ಕನ್ನಡದವನು. ಅವಸರದ ಫಿರ್ಯಾದಿಯನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಕಾನ್‌ಸ್ಟೆಬಲ್ ಕುಶಲನೊಂದಿಗೆ ಹೋಗಿ ನೋಡಿದರೆ ಕತ್ತರಿಸಿದ ತುಂಡು ಅಲ್ಲೇ ಬಿದ್ದಿತ್ತು. ಗುಜರಿ ಕಳ್ಳ ಅದನ್ನು ಬಿಟ್ಟು ಹೋಗುತ್ತಾನೆಯೇ? ಗುರುವಾರ ವೆಸಲ್ಲಿಗೆ ಪೂಜೆಯಾಗಿತ್ತು. ಆ ಮೂತಿಗೆ ಕಟ್ಟಿದ್ದ ಚೆಂಡುಹೂವಿನ ಮಾಲೆ ಒಂದೆಸಳೂ ಸುಡದೆ ಗೋಡೆಯ ಗಣಪತಿ ಪಟವನ್ನು ಏರಿತ್ತು. ಎಲಾ ಇವನ! ಹಾಳು ಮಾಡಲು ಬಂದವನಿಗೆ ಇಷ್ಟು ಭಕ್ತಿಯೇ?

ಪೂಜೆ ಯಾರದೆಂದು ವಿಚಾರಿಸಿದ. ಪ್ರತಿ ಸಲವೂ ಕ್ವಾಲಿಟಿ ಎಂಜಿನಿಯರ್ ದಮಯಂತಿಯದೇ. ಶೆಡ್ಡಿನ ಇನ್ನೊಂದು ಬೀಗದ ಕೈಯೂ ಅವಳ ಬಳಿಯೇ. ಕರೆಸುವ ಮೊದಲೇ ಅವಳು ಬಂದು ನಿಂತಳು.

“ಮಾಲಿ ಯಾಕ ತಗದಿಟ್ರಿ, ಅಕ್ಕಾರ?”

“ದೇವರಿಗೆ ಹಾಕಿದ ಹೂವನ್ನು ಬೆಂಕಿಗೆ ಕೊಡ್ಲಿಕ್ಕುಂಟಾ ಸಾರ್? ಕತ್ತರಿಸಿದ್ದು ನಾನೇ. ಇನ್ನೊಮ್ಮೆ ಹಾಕಿದ್ರೆ ಇನ್ನೊಮ್ಮೆ ಕತ್ತರಿಸ್ತೇನೆ.”

ಮೂತಿಯ ತುದಿಯಲ್ಲಿ ಬೋಲ್ಟು ಹಾಕಲಿರುವ ಬಿಲ್ಲೆಗೆ ಫ್ಲೇಂಜ್ ಎನ್ನುತ್ತಾರೆ; ನಕ್ಷೆಯಲ್ಲಿದ್ದದ್ದು ವೆಲ್ಡ್-ನೆಕ್ ಫ್ಲೇಂಜ್. ಅದರ ದಪ್ಪ ಕುತ್ತಿಗೆಯನ್ನು ಪೈಪಿನ ತುದಿಗೆ ತುದಿಯಿಟ್ಟು ಬೆಸೆಯುತ್ತಾರೆ. ಜಯೇಶ್ ಹಾಕಿಸಿದ್ದು ಸ್ಲಿಪ್-ಆನ್. ಅದನ್ನು ಪೈಪಿಗೆ ಬಳೆಯಂತೆ ತೊಡಿಸಿ ಅಂಚು ಬೆಸೆದರಾಯಿತು. ಅಗ್ಗ, ಕೆಲಸವೂ ಬೇಗ. ನೀರಿನ ಪೈಪಿಗಾದರೆ ತಪ್ಪೇನಿಲ್ಲ. ಆದರೆ ಈ ವೆಸಲ್ ದಿನವೂ ಒತ್ತಡದಲ್ಲಿ ಕಾದು ಆರುವಂಥದು. ಅಂಚು ಸೀಳಿದ ದಿನ ಪಕ್ಕದಲ್ಲಿ ನಿಂತವರ ಕತೆ ಮುಗಿಯಿತು. ದಮಯಂತಿ ತಪಾಸಣೆಯ ಪತ್ರಕ್ಕೆ ಸಹಿ ಹಾಕಲಾರೆ ಎಂದಾಗ ಜಯೇಶ್ ಬೇರೆಯವರಿಂದ ಹಾಕಿಸಿದ್ದ.

ದೂರು ಕೊಡಬಹುದಿತ್ತಲ್ಲ ಎಂದ ರಾಜಶೇಖರ.

“ಎಲ್ಲರಿಗೂ ಕೊಟ್ಟೆ. ಯಾರೂ ಬರ್ಲಿಲ್ಲ. ಕತ್ತರಿಸಿದ್ಮೇಲೆ ನೀವು ಬಂದ್ರಲ್ಲ? ಈಗ ಪಂಚನಾಮೆಯಲ್ಲಿ ಸ್ಲಿಪ್-ಆನ್ ಅಂತಲೇ ಬರೀರಿ.”

ಜಯೇಶನ ಮುಖ ಸುಣ್ಣವಾಯಿತು. ಬರೀ ಕಬ್ಬಿಣದ ತುಂಡು ಎಂದು ಬರೆದರೆ ಸಾಲದೇ ಎಂದು ಗೋಗರೆದ. ಸಾಲದು. ಪಂಚರ ಮುಂದೆ ರಾಜಶೇಖರ ಸ್ಲಿಪ್-ಆನ್ ಎಂದೇ ಬರೆಸಿದ, ನಕ್ಷೆಯನ್ನೂ ವೆಸಲ್ಲನ್ನೂ ಜಪ್ತಿ ಮಾಡಿದ, ಸುರಕ್ಷತಾ ಇಲಾಖೆಗೆ ವರದಿ ಕಳಿಸಿದ. ಕಾದು ನಿಂತಿದ್ದ ಲಾರಿ ಖಾಲಿ ಹೋಯಿತು. ಆಮೇಲೆ ದಮಯಂತಿಯನ್ನು ಬಂಧಿಸಿದ; ಕಾಯ್ದೆ ಕಾಯ್ದೆಯೇ.

ಠಾಣೆಯಲ್ಲಿ ಕೊನೆಯದಾಗಿ ಕೇಳಿದ. “ಬದಲಾಪುರದಾಗ ನಿಮ್ಮೋರು ಯಾರರ ಕೆಲಸಕ್ಕದಾರೇನ್ರಿ?”

“ಯಾರೂ ಇಲ್ಲ. ನನ್ನವರಿದ್ರೆ ಮಾತ್ರ ಕತ್ತರಿಸ್ಬೇಕಿತ್ತಾ?”

ಕೃತ್ಯಕ್ಕೆ ಕಾರಣವೆಂದು ರಾಜಶೇಖರ ಆ ಮಾತನ್ನೇ ಬರೆದುಕೊಂಡ. ಠಾಣೆಯ ದಾಖಲೆಗಾಗಿ ಮರಾಠಿಗೆ ತರುವಾಗ ಅದರ ಖಾರ ಒಂದಿಷ್ಟೂ ಕಡಿಮೆಯಾಗದಂತೆ ನೋಡಿಕೊಂಡ.