ಬಾಗಿಲಲ್ಲಿಟ್ಟ ವಿಲೋ ಕಟ್ಟು

ಮಾರ್ಚ್ ಬಿಸಿಲಿಗೆ ಸೇಂಟ್ ಎಮಿಲಿಯೋನ್ ಊರಿನ ಕಲ್ಲುಗೋಡೆಗಳೆಲ್ಲ ಬೆಣ್ಣೆ ಬಣ್ಣಕ್ಕೆ ತಿರುಗಿದ್ದವು. ಪ್ರವಾಸಿಗರ ಗುಂಪೊಂದು ಕಡಿದಾದ ಓಣಿ ಇಳಿದು ದ್ರಾಕ್ಷಿ ತೋಟದತ್ತ ಬರುತ್ತಿತ್ತು. ತಿಬೋ ತಲೆ ಎತ್ತಲಿಲ್ಲ. ದಿನಾ ಬರುವವರು, ದಿನಾ ಅದೇ ಪ್ರಶ್ನೆ.

"ಯಜಮಾನ್ರೇ, ಈ ಬಳ್ಳಿಗೆ ಎಷ್ಟು ವಯಸ್ಸಾಯ್ತು?"

"ನಂಗಿಂತ ಹತ್ತು ವರ್ಷ ಜಾಸ್ತಿ," ಎಂದ, ಕತ್ತರಿಯಿಂದ ಬಳ್ಳಿ ಸವರುತ್ತಲೇ.

"ಹಾಗಾದ್ರೆ ಐವತ್ತು. ನಿನ್ನ ತಲೆಗೂದಲು ನೋಡಿದ್ರೆ ಎಪ್ಪತ್ತು ಅನ್ನಬಹುದು."

ಕತ್ತರಿ ಕೈಯಲ್ಲೇ ನಿಂತಿತು. ಆ ದನಿ ಕೇಳಿ ಹನ್ನೆರಡು ವರ್ಷವಾಗಿದ್ದರೂ ಗುರುತು ತಪ್ಪಲಿಲ್ಲ. ಅರ್ಮೆಲ್! ಕಪ್ಪು ಕೋಟು, ಈ ಕೆಸರಿಗೆ ಒಗ್ಗದ ಪಟ್ಟಣದ ಬೂಟು, ತುಟಿಯಂಚಿನಲ್ಲಿ ಅದೇ ತುಂಟ ನಗು. ಕಣ್ಣುಗಳು ಮಾತ್ರ ಅತ್ತು ಅತ್ತು ಊದಿಕೊಂಡಿದ್ದವು. ಮೊನ್ನೆ ತಾನೇ ಅವಳ ಅಮ್ಮ ಜಾನೆತ್‌ಳನ್ನು ಮಣ್ಣು ಮಾಡಿದ್ದರು. ತಿಬೋ ಚರ್ಚಿನ ಹಿಂದಿನ ಸಾಲಿನಲ್ಲಿ ಕೂತಿದ್ದು, ಯಾರ ಕಣ್ಣಿಗೂ ಬೀಳದೆ ಎದ್ದು ಬಂದಿದ್ದ.

"ಬೂಟು ಹಾಳಾಗುತ್ತೆ ಕಣೇ."

"ಹಾಳಾಗ್ಲಿ ಬಿಡು. ಐದರ ರೈಲಿಗೆ ಬೋರ್ಡೋಗೆ ಹೊರಟೆ. ನಿಂಗೊಂದು ಥ್ಯಾಂಕ್ಸ್ ಹೇಳಿ ಹೋಗೋಣ ಅಂತ ಬಂದೆ."

ಈ ಇಳಿಜಾರಿನ ತೋಟಗಳಲ್ಲಿ ಬಳ್ಳಿ ಸವರುವವನು ಗಂಡಸು. ಅವನ ಹಿಂದೆ ಬಂದು ಬಳ್ಳಿ ಬಗ್ಗಿಸಿ, ನೀರಲ್ಲಿ ನೆನೆಸಿ ಮೆತ್ತಗಾದ ವಿಲೋ ಮರದ ಕಡ್ಡಿಯಿಂದ ತಂತಿಗೆ ಕಟ್ಟುವವಳು ಹೆಂಗಸು. ಜನವರಿಯಲ್ಲಿ ಸಂತ ವಿನ್ಸೆಂಟನ ಹಬ್ಬದ ಬೆಳಿಗ್ಗೆ, ಗಂಡಸು ತನ್ನ ಸಾಲಿಗೆ ಬೇಕಾದವಳ ಬಾಗಿಲಲ್ಲಿ ಕಡ್ಡಿಯ ಕಟ್ಟೊಂದನ್ನು ಇಟ್ಟು ಬರುತ್ತಾನೆ. ಬಾಯಿಬಿಟ್ಟು ಕೇಳುವ ಪದ್ಧತಿಯಿಲ್ಲ. ಅವಳು ಕಟ್ಟು ಹೊತ್ತು ತೋಟಕ್ಕೆ ಬಂದರೆ ಒಪ್ಪಿದಂತೆ. ಮದುವೆಯಾಗದವರ ನಡುವೆ ಆ ಒಪ್ಪಿಗೆ ಬರೀ ಕೆಲಸದ್ದಲ್ಲ ಎನ್ನುವುದು ಊರಿಗೆಲ್ಲ ಗೊತ್ತು.

ಹನ್ನೆರಡು ವರ್ಷದ ಹಿಂದೆ ತಿಬೋ ಅರ್ಮೆಲ್‌ಗೆಂದು ಅವಳ ಮನೆಯ ಬಾಗಿಲಲ್ಲಿ ಕಟ್ಟು ಇಟ್ಟಿದ್ದ. ಅದನ್ನು ಕಂಕುಳಲ್ಲಿಟ್ಟುಕೊಂಡು ಬಂದವಳು ಜಾನೆತ್. ಮಗಳು ಒಲ್ಲೆ ಅಂದಿದ್ದಾಳೆ, ಮುಖಕ್ಕೆ ಹೇಳಲಾರದೆ ಅಮ್ಮನನ್ನು ಕಳಿಸಿದ್ದಾಳೆ ಎಂದುಕೊಂಡ. ಏನೂ ಹೇಳದೆ ಜಾನೆತ್‌ಗೆ ಸಾಲು ತೋರಿಸಿದ. ಏಪ್ರಿಲ್‌ನಲ್ಲಿ ಅರ್ಮೆಲ್ ಊರು ಬಿಟ್ಟಳು.

"ಥ್ಯಾಂಕ್ಸ್ ಯಾಕೆ?"

"ಅಪ್ಪ ತೀರಿಕೊಂಡ ವರ್ಷ ಅಮ್ಮ ಹಾಸಿಗೆ ಹಿಡಿದುಬಿಟ್ಟಿದ್ಲು, ನೆನಪಿದ್ಯಾ? ಅವತ್ತು ಹಬ್ಬದ ಪ್ರಾರ್ಥನೆಗೆ ಅಂತ ಹೇಗೋ ಎದ್ದು ಬಾಗಿಲು ತೆಗೆದ್ರೆ ನಿನ್ನ ಕಟ್ಟು. ಆಮೇಲೆ ಹಾಗೆ ಹಾಸಿಗೆ ಹಿಡಿಯಲೇ ಇಲ್ಲ. ಕೊನೆಗೆ ಆಸ್ಪತ್ರೆಯಲ್ಲೂ ನರ್ಸುಗಳಿಗೆಲ್ಲ ಅದೇ ಕಥೆ. 'ಊರಲ್ಲಿ ಅಷ್ಟು ಹುಡುಗಿಯರಿದ್ರೂ ತಿಬೋಗೆ ನನ್ನ ಕೈಯೇ ಬೇಕಿತ್ತು' ಅಂತ."

ತಿಬೋ ನಗಲು ನೋಡಿದ. ಆಗಲಿಲ್ಲ.

ಅವಳು ಸಾಲಿನ ಪಕ್ಕದ ಬುಟ್ಟಿಯಿಂದ ವಿಲೋ ಕಡ್ಡಿಯೊಂದನ್ನು ಎತ್ತಿಕೊಂಡು, ಬಳ್ಳಿ ಬಗ್ಗಿಸಿ, ಎರಡು ಸುತ್ತು ಹಾಕಿ ಬಿಗಿದಳು. ಬೆರಳುಗಳು ಕೆಲಸ ಮರೆತಿರಲಿಲ್ಲ. ಸವರಿದ ತುದಿಯಿಂದ ನೀರು ತೊಟ್ಟಿಕ್ಕಿ ಅವಳ ಮದುವೆಯ ಉಂಗುರದ ಮೇಲೆ ಬಿತ್ತು.

"ಒಂದು ವಿಷ್ಯ ಹೇಳ್ತೀನಿ, ನಗಬಾರದು," ಎಂದಳು, ಅವನತ್ತ ನೋಡದೆ. "ಅವತ್ತು ಹೊಸ ಸ್ವೆಟರ್ ಹಾಕ್ಕೊಂಡು ಬೆಳಗಾಗೋದನ್ನೇ ಕಾಯ್ತಿದ್ದೆ ನಾನು. ನೀನು ಕಟ್ಟು ಇಡ್ತೀಯ ಅಂತ. ಕೆಳಗಿಳಿದು ಬಂದ್ರೆ ಅಮ್ಮ ಅದನ್ನ ಎದೆಗವಚಿಕೊಂಡು ಅಡುಗೆಮನೇಲಿ ಕೂತಿದ್ಲು. ಅಳ್ತಾ, ನಗ್ತಾ. 'ನನ್ನನ್ನ ಕರೆದಿದ್ದಾನೆ ನೋಡೇ' ಅಂದ್ಲು. ನಾನೇನು ಹೇಳ್ಲಿ?"

ತಿಬೋ ಕತ್ತರಿ ಕೆಳಗಿಳಿಸಿದ. ಅವಳು ಒಲ್ಲೆ ಅಂದಿರಲೇ ಇಲ್ಲ. ಅವಳ ಕೈ ಹಿಡಿದು, ಕಟ್ಟು ಇಟ್ಟದ್ದು ನಿನಗೇ ಎಂದು ಕೂಗಿ ಹೇಳಬೇಕೆನಿಸಿತು. ಬಾಯಿಂದ ಬಂದದ್ದು ಬೇರೆ.

"ಬೋರ್ಡೋದಲ್ಲಿ ಎಲ್ಲ ಚೆನ್ನಾಗಿದೆಯಾ?"

"ಚೆನ್ನಾಗಿದೆ. ಪಾಸ್ಕಾಲ್ ಒಳ್ಳೆಯವನು. ಮಗಳಿಗೆ ಆರು ವರ್ಷ, ಅಜ್ಜಿಯ ಕಟ್ಟಿನ ಕಥೆ ಅವಳಿಗೆ ಬಾಯಿಪಾಠ." ಅರ್ಮೆಲ್ ಈಗ ನೇರವಾಗಿ ಅವನ ಕಣ್ಣನ್ನೇ ನೋಡಿದಳು. "ಒಂದೇ ಪ್ರಶ್ನೆ, ತಿಬೋ. ಸುಳ್ಳು ಹೇಳ್ಬೇಡ. ಆ ಕಟ್ಟು ಯಾರಿಗೆ ಇಟ್ಟಿದ್ದೆ?"

ನಿಜ ಹೇಳಿದರೆ ಇವಳೇನೂ ತನ್ನವಳಾಗುವುದಿಲ್ಲ. ಗೋರಿಯ ಹಸಿ ಆರದ ಜಾನೆತ್ ಮಾತ್ರ ಮಗಳ ಬಾಳಿಗೇ ಕೈ ಹಾಕಿದವಳಾಗುತ್ತಾಳೆ. ಹನ್ನೆರಡು ಚಳಿಗಾಲ ಅವನ ಹಿಂದೆ ನಡೆದವಳು ಅವಳು. ಮಧ್ಯಾಹ್ನ ಉಳಿದ ಸೂಪಿಗೆ ವೈನ್ ಸುರಿದು, "ಕುಡಿಯೋ, ಮೈ ಬೆಚ್ಚಗಾಗುತ್ತೆ" ಎಂದು ಗದರಿಸಿ ಕುಡಿಸಿದವಳು.

"ನಿಮ್ಮಮ್ಮನಿಗೆ," ಎಂದ. "ಅವರಷ್ಟು ಚೆನ್ನಾಗಿ ಕಟ್ಟೋರು ಯಾರಿದ್ರು? ನಿನ್ನ ಗಂಟು ಯಾವಾಗ್ಲೂ ಸಡಿಲ."

ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿ ಬಂತು. ಕೋಟಿನ ತೋಳಿನಿಂದ ಒರೆಸಿಕೊಂಡಳು.

"ಸದ್ಯ," ಎಂದಳು. "ಇಷ್ಟು ವರ್ಷ ಅಮ್ಮನ ಮೇಲೆ ಒಳಗೊಳಗೇ ಕೋಪ ಇಟ್ಕೊಂಡಿದ್ದೆ ಕಣೋ. ನನ್ನದನ್ನ ತಗೊಂಡುಬಿಟ್ಲು ಅಂತ. ಪಾಪ, ಅವಳದ್ದನ್ನೇ ಅವಳು ತಗೊಂಡಿದ್ದು."

ಎರಡೂ ಕೆನ್ನೆಗೆ ಮುತ್ತಿಟ್ಟು, ಬಳ್ಳಿಗಳ ನಡುವೆ ಸ್ಟೇಷನ್ನಿನತ್ತ ನಡೆದಳು. ಬಂದಾಗಿನ ಭಾರ ಆ ನಡಿಗೆಯಲ್ಲಿರಲಿಲ್ಲ. ಒಮ್ಮೆ ತಿರುಗಿ ನೋಡುತ್ತಾಳೇನೋ ಎಂದು ತಿಬೋ ಅವಳು ಸಾಲಿನ ಕೊನೆ ಮುಟ್ಟುವವರೆಗೂ ಕಾದ. ಅವಳು ತಿರುಗಲಿಲ್ಲ. ಅವನ ಮಾತನ್ನು ಅವಳು ಪೂರ್ತಿ ನಂಬಿದ್ದಳು.