ಗಡಿಯಾರದ ಪಟ್ಟಿಯಡಿ ಒಂದು ಹನಿ

ಮೇಲಿನ ಮಹಡಿಯಲ್ಲಿ ಚಹಾ ನೀರು ಕಾಯಿಸುವ ಕೆಟಲ್ ಅಕ್ಕ ದಡದಡ ಇಳಿದು ಬಂದಾಗ ನಾನು ಇಸ್ತ್ರಿ ಪೆಟ್ಟಿಗೆಯ ಪ್ಲಗ್ ತೆಗೆದಿದ್ದೇನೆಯೇ ಎಂದು ಮೂರನೇ ಸಲ ನೋಡುತ್ತಿದ್ದೆ. ಹಿಂದಿನ ವಾರವಷ್ಟೇ ಒಂದು ಬಿಳಿ ಕೋಟಿನ ಕಾಲರು ಸುಟ್ಟಿದ್ದೆ. ನನಗೆ ಆಗ ಕೆಟ್ಟ ನೆಗಡಿ. ಮೇಲಿನ ಮಹಡಿಯ ಮೂಗಿನ ಮೇಷ್ಟ್ರು ಇಸ್ತ್ರಿ ಮೇಜಿನ ಪಕ್ಕದಲ್ಲೇ ಕೂತು ಹಳೆಯ ಕತೆ ಹೇಳುತ್ತಿದ್ದರು. ಕೊನೆಗೆ ಹಿತ್ತಲಿನಿಂದ ಓಡಿ ಬಂದು ಪ್ಲಗ್ ಕಿತ್ತವರು ಅತ್ತಿಗೆ. ಅಂದಿನಿಂದ ನನಗೆ ನೆಮ್ಮದಿಯೇ ಇರಲಿಲ್ಲ.

"ಬೇಗ ಬನ್ನಿ ಅಮ್ಮಾ! ಗುಬ್ಬಚ್ಚಿನ ಕೆಲಸದಿಂದ ತೆಗೀತಿದಾರೆ!" ಎಂದಳು ಕೆಟಲ್ ಅಕ್ಕ.

ಅತ್ತಿಗೆ, ಅಂದರೆ ನನ್ನ ಅಣ್ಣನ ಹೆಂಡತಿ, ಒದ್ದೆ ಕೈ ಒರೆಸಿಕೊಂಡು ಎದ್ದರು. ಆ ಕಟ್ಟಡದಲ್ಲಿ ಏನು ಕಳೆದರೂ, ಯಾರ ಮೇಲೆ ಅನುಮಾನ ಬಂದರೂ ಜನ ಮೊದಲು ನಮ್ಮ ಲಾಂಡ್ರಿಗೇ ಬರುತ್ತಿದ್ದರು. ಬಟ್ಟೆಯ ಕಲೆ ನೋಡಿ ಮನೆಯ ಜಗಳ ಹೇಳುವ ಹೆಂಗಸು ಎಂದು ಅತ್ತಿಗೆಗೆ ಹೆಸರಿತ್ತು.

ಮೇಲಿನ ಮಹಡಿಯಲ್ಲಿ ಚಹಾ ಕಂಪನಿಯ ರುಚಿ ಕೋಣೆ ಇತ್ತು. ಉದ್ದನೆಯ ಮೇಜಿನ ಮೇಲೆ ಸಾಲಾಗಿ ಬಟ್ಟಲುಗಳು. ಚಮಚದಲ್ಲಿ ಚಹಾ ಎತ್ತಿ ಸೊರ್ರನೆ ಹೀರಿ, ಉಗಿದು, ದರ್ಜೆ ಹೇಳುವುದು ಅಲ್ಲಿಯ ಕೆಲಸ. ಆ ಕೋಣೆಯೊಳಗೆ ತಲೆಗೆ ಹಚ್ಚಿದ ಎಣ್ಣೆಗೂ ಪ್ರವೇಶವಿರಲಿಲ್ಲ. ಪರಿಮಳದ ವಸ್ತು ಏನಿದ್ದರೂ ಹೊರಗಿನ ಓಣಿಯ ಬೀರುವಿನಲ್ಲಿ ಇಟ್ಟು ಬರಬೇಕು.

ಅಂದು ಬೆಳಿಗ್ಗೆ ಒಂಬತ್ತಕ್ಕೆ ಯಜಮಾನರು ಪರೀಕ್ಷೆ ಇಟ್ಟಿದ್ದರು. ಹೆಸರು ಮುಚ್ಚಿದ ಹನ್ನೆರಡು ಬಟ್ಟಲುಗಳು. ಮೂವತ್ತು ವರ್ಷದಿಂದ ಅಲ್ಲಿನ ಮುಖ್ಯಸ್ಥರಾಗಿದ್ದ ಮೂಗಿನ ಮೇಷ್ಟ್ರು ಒಮ್ಮೆ, ಎಲ್ಲರಿಗಿಂತ ಕಿರಿಯಳಾದ ಗುಬ್ಬಚ್ಚಿ ಒಮ್ಮೆ, ಬೇರೆಬೇರೆಯಾಗಿ ರುಚಿ ನೋಡಿ ಬರೆಯಬೇಕು. ಇಬ್ಬರ ಬರಹ ಹೊಂದಿದರೆ ಅವಳಿಗೆ ಮೇಷ್ಟ್ರ ನಂತರದ ಎರಡನೇ ಕುರ್ಚಿ. ಆ ಕುರ್ಚಿಯ ಮೇಲೆ ಒಂಬತ್ತು ವರ್ಷದಿಂದ ಅಲ್ಲೇ ರುಚಿ ನೋಡುತ್ತಿದ್ದ ಮೀಸೆಯಣ್ಣನ ಕಣ್ಣಿತ್ತು.

ನಾವು ಹತ್ತಿದಾಗ ಮೆಟ್ಟಿಲಿನಲ್ಲೇ ವಾಸನೆ ಮೂಗಿಗೆ ಹೊಡೆಯಿತು. ರುಚಿ ಕೋಣೆಯೊಳಗೆ ಗೂಟಕ್ಕೆ ನೇತುಹಾಕಿದ್ದ ಗುಬ್ಬಚ್ಚಿಯ ಕೋಟಿನ ಬೆನ್ನು ತಟ್ಟೆಯಗಲ ಒದ್ದೆಯಾಗಿತ್ತು. ಅವಳ ಸೆಂಟಿನ ಶೀಸೆ ಬೀರುವಿನಲ್ಲೇ ಇತ್ತು, ಅರ್ಧ ಖಾಲಿ. ಬೆಳಿಗ್ಗೆ ಕೋಟುಗಳನ್ನು ತಂದು ನೇತುಹಾಕಿದವಳು ನಾನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಕೈ ಮೂಸಿ ನೋಡಿಕೊಂಡೆ. ಬಟ್ಟೆ ಸೋಪಿನ ವಾಸನೆ ಮಾತ್ರ.

"ಬಟ್ಟಲೆಲ್ಲ ಕೆಟ್ಟುಹೋಯ್ತು," ಎಂದರು ಯಜಮಾನರು. "ನಿಯಮ ನಿಯಮವೇ. ಈ ಹುಡುಗಿ ಇವತ್ತೇ ಹೊರಡಲಿ."

"ನಾನು ಹಾಕಿಲ್ಲ ಸಾರ್," ಎಂದಳು ಗುಬ್ಬಚ್ಚಿ. ಅವಳ ಸಂಬಳದಲ್ಲೇ ತಾಯಿಯ ಔಷಧಿ ಬರುತ್ತಿತ್ತೆಂದು ನನಗೆ ಗೊತ್ತಿತ್ತು.

"ಒಂದು ಗಂಟೆ ಕೊಡಿ," ಎಂದರು ಅತ್ತಿಗೆ.

ಮೀಸೆಯಣ್ಣ ಬೀರುವಿನಿಂದ ಡಬ್ಬಿ ತಂದು ಓದಿದ: "'ಕಾಲಿಟ್ಟಲ್ಲೆಲ್ಲ ಕಣ್ಣು ಸೆಳೆಯುವ ಹೆಣ್ಣಿಗಾಗಿ.' ನೋಡಿದ್ರಾ? ಮಾತಾಡದವಳು ಅಂತ ನಂಬಿದ್ವಿ. ಇಂಥ ಸೆಂಟು ಹಾಕೋಳ ಸ್ವಭಾವ ಇದರಲ್ಲೇ ಬರೆದಿದೆ."

"ನೀವು ಯಾವಾಗ ಬಂದ್ರಿ?" ಎಂದು ಕೇಳಿದರು ಅತ್ತಿಗೆ.

"ಎಂಟೂ ಇಪ್ಪತ್ತಕ್ಕೆ. ಬಾಗಿಲು ತೆಗೆದ್ರೆ ಮುಖಕ್ಕೇ ಕಿತ್ತಳೆ ಸುಲಿದ ಹಾಗೆ! ತಕ್ಷಣ ಕೆಟಲ್ ಅಕ್ಕನ್ನ ಕೂಗಿದೆ."

"ಹೌದಮ್ಮ, ಕಿತ್ತಳೆ ಸಿಪ್ಪೆ ಹಿಂಡಿದ ಹಾಗೆ ಕಣ್ಣೆಲ್ಲ ಉರೀತು," ಎಂದಳು ಕೆಟಲ್ ಅಕ್ಕ. "ಗುಬ್ಬಚ್ಚಿ ಬಂದಿದ್ದು ಎಂಟೂವರೆಗೆ. ಆದ್ರೆ ಅದಕ್ಕೂ ಮುಂಚೆ ಬಂದು ಹೋಗಿದ್ದಾಳೆ ಅಂತಾರೆ ಮೀಸೆಯಣ್ಣ."

ಮೂಗಿನ ಮೇಷ್ಟ್ರು ತಮ್ಮ ಪುಟ್ಟ ಆಫೀಸಿನಲ್ಲಿ ಕೂತಿದ್ದರು. ಎರಡು ತಿಂಗಳ ಹಿಂದಿನ ಜ್ವರದಿಂದ ಇನ್ನೂ ಸೊರಗಿದ್ದರು. "ಎಂಟಕ್ಕೆ ಬಂದೆ, ಇಲ್ಲೇ ಪೇಪರ್ ಓದ್ತಿದ್ದೆ. ಇವರು ಕೂಗಿದಾಗ ಎದ್ದು ಹೋದೆ. ಕೋಣೆ ತುಂಬ ಮಲ್ಲಿಗೆ. ಒಳ್ಳೆ ಹುಡುಗಿ, ಅಮ್ಮ. ಆದ್ರೆ ಈಗಿನವರಿಗೆ ಮೂಗಿಗಿಂತ ಮೂಗುತಿ ಭಾರ."

ಅತ್ತಿಗೆ ಗುಬ್ಬಚ್ಚಿಯನ್ನು ಓಣಿಯ ಕಿಟಕಿಯ ಬಳಿ ಕೂರಿಸಿಕೊಂಡರು. "ಸೆಂಟು ಎಲ್ಲಿಗೆ ಹಾಕ್ಕೋತೀಯ, ಮಗಳೇ?"

ಅವಳು ಕೈಗಡಿಯಾರದ ಪಟ್ಟಿ ಸರಿಸಿ ತೋರಿಸಿದಳು. "ಇದರ ಕೆಳಗೆ. ಸಂಜೆ ಆರಕ್ಕೆ, ಹೊರಡೋವಾಗ. ಒಂದೇ ಹನಿ."

"ಅಷ್ಟು ಯಾರಿಗೆ ಗೊತ್ತಾಗತ್ತೆ?"

"ಯಾರಿಗೂ ಗೊತ್ತಾಗಬಾರದು. ದಿನವಿಡೀ ನನ್ನ ಮೂಗು ಕಂಪನಿಯದ್ದು. ಆ ಹನಿ ಹಾಕ್ಕೊಂಡ ಮೇಲೆ ನನ್ನದು. ಬಸ್ಸಲ್ಲಿ ಗಡಿಯಾರ ನೋಡೋ ಹಾಗೆ ಮಾಡಿ ಮೂಸ್ತೀನಿ." ನಂತರ ಮೆಲ್ಲಗೆ ಸೇರಿಸಿದಳು: "ನಾಲ್ಕು ತಿಂಗಳಾದ್ರೂ ಶೀಸೆ ಕುತ್ತಿಗೆವರೆಗೂ ಇತ್ತು."

ಅತ್ತಿಗೆ ಡಬ್ಬಿಯನ್ನು ನನ್ನ ಕೈಗಿಟ್ಟರು. "ಓದಬೇಡ. ಚಿತ್ರ ನೋಡು, ಆಮೇಲೆ ಶೀಸೆ ಮೂಸು."

ಡಬ್ಬಿಯ ಮೇಲೆ ಬಿಡಿ ಮಲ್ಲಿಗೆಯ ಚಿತ್ರವಿತ್ತು. ಶೀಸೆ ಮೂಸಿದೆ. "ಅತ್ತಿಗೆ, ಇದು..."

"ಷ್! ಯಜಮಾನರ ಮುಂದೆ ಹೇಳೋಣ. ಕೆಳಗಿಂದ ಇನ್ನೊಂದು ಒಗೆದ ಕೋಟು ತಗೊಂಡು ಬಾ."

ಹತ್ತು ಗಂಟೆಗೆ ಎಲ್ಲರೂ ರುಚಿ ಕೋಣೆಯಲ್ಲಿ ಸೇರಿದರು. ತಣ್ಣಗಾದ ಹನ್ನೆರಡು ಬಟ್ಟಲುಗಳ ಈಚೆ ನಿಂತು ಅತ್ತಿಗೆ ಮಾತಾಡಿದರು.

"ಮೊದಲು ಕೋಟು ನೋಡಿ. ಹಾಕ್ಕೊಳ್ಳೋಕೆ ಅಂತ ಸೆಂಟು ಹಾಕೋರು ಬೆನ್ನು ತೋಯಿಸಲ್ಲ. ಗೂಟದಲ್ಲಿ ನೇತಾಡ್ತಿದ್ದಾಗ ಯಾರೋ ಸುರಿದಿದ್ದಾರೆ, ಇವಳ ಮೇಲೆ ತಪ್ಪು ಹೊರಿಸೋಕೆ. ಆದ್ರೆ ಬರೀ ಹೆಸರು ಕೆಡಿಸೋಕೆ ಇಷ್ಟು ಯಾಕೆ? ಎರಡು ಹನಿ ಚಿಮುಕಿಸಿದ್ರೆ ಸಾಕಿತ್ತು. ಅರ್ಧ ಶೀಸೆ ಸುರಿದ್ರೆ ಮೂಗಿರೋನು ಪಕ್ಕದಲ್ಲಿ ನಿಲ್ಲೋಕಾಗಲ್ಲ. ಎಲ್ಲಿ ನಿಲ್ಲಿಸಬೇಕು ಅಂತ ಆ ಕೈಗೆ ಹೇಳೋರು ಇರಲಿಲ್ಲ."

ಮೀಸೆಯಣ್ಣ ಕೆಮ್ಮಿದ. "ನನ್ನ ಕಡೆ ಯಾಕೆ ನೋಡ್ತೀರಿ?"

"ನಿಮಗೆ ಕುರ್ಚಿ ಆಸೆ ಇತ್ತು. ಆದ್ರೆ ನೀವು ಕಿತ್ತಳೆ ಅಂದ್ರಿ, ಕೆಟಲ್ ಅಕ್ಕನೂ ಕಿತ್ತಳೆ ಅಂದ್ಳು. ಶೀಸೆಯಲ್ಲಿರೋದೂ ಅದೇ. ಮಲ್ಲಿಗೆ ಇರೋದು ಡಬ್ಬಿ ಮೇಲೆ ಮಾತ್ರ." ಅತ್ತಿಗೆ ಮೇಷ್ಟ್ರ ಕಡೆ ತಿರುಗಿದರು. "ಇವತ್ತು ಡಬ್ಬಿ ಓದಿ ಹೆಣ್ಣನ್ನ ಅಳೆದೋರು ಇಬ್ಬರು. ಒಬ್ಬರು ಸ್ವಭಾವ ತಪ್ಪು ಓದಿದ್ರು. ಇನ್ನೊಬ್ಬರು ವಾಸನೆನೇ ತಪ್ಪು ಓದಿದ್ರು."

ನನಗೆ ಸುಟ್ಟ ಕಾಲರು ನೆನಪಾಯಿತು. ಹಿತ್ತಲಿಗೆ ಮುಟ್ಟಿದ ಸುಟ್ಟ ವಾಸನೆ ಎರಡು ಮೊಳ ದೂರ ಕೂತಿದ್ದ ಮೇಷ್ಟ್ರಿಗೆ ಮುಟ್ಟಿರಲಿಲ್ಲ. ನೆಗಡಿ ನನಗಿತ್ತು, ಅವರಿಗಿರಲಿಲ್ಲ.

ಅತ್ತಿಗೆ ಸೆಂಟಿನ ಕೋಟನ್ನೂ ಒಗೆದ ಕೋಟನ್ನೂ ಮಡಚಿ ಮೇಜಿನ ಮೇಲಿಟ್ಟರು. ಅಷ್ಟರಲ್ಲಿ ಒದ್ದೆ ಒಣಗಿತ್ತು. ನೋಡಲು ಎರಡೂ ಒಂದೇ. "ನಾನು ತಪ್ಪಿದ್ರೆ ಕ್ಷಮೆ ಕೇಳ್ತೀನಿ, ಮೇಷ್ಟ್ರೇ. ಸೆಂಟಿನ ಕೋಟು ಯಾವುದು ಹೇಳಿ."

ಮೇಷ್ಟ್ರು ಒಂದನ್ನು ಎತ್ತಿ ಮೂಗಿಗೆ ಹಿಡಿದರು. ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದರು. ಇನ್ನೊಂದನ್ನು ಎತ್ತಿದರು. ಅದನ್ನು ಹಿಡಿದ ಕೈ ಹಾಗೆಯೇ ನಿಂತಿತು.

"ಜ್ವರ ಹೋಗೋವಾಗ ಎಲ್ಲ ತಗೊಂಡು ಹೋಯ್ತು," ಎಂದರು. "ಎರಡು ತಿಂಗಳಿಂದ ಎಲೆಯ ಬಣ್ಣ ನೋಡಿ ಬರೀತಿದ್ದೆ. ಇವತ್ತು ಇವಳ ಪಕ್ಕ ನನ್ನ ಬರಹ ಇಟ್ಟಿದ್ರೆ ಊರಿಗೆಲ್ಲ ಗೊತ್ತಾಗ್ತಿತ್ತು. ಪರೀಕ್ಷೆ ನಿಂತರೆ ಸಾಕು ಅಂದ್ಕೊಂಡೆ. ತೆಗೀತಾರೆ ಅಂದಾಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ."

ಯಜಮಾನರು ತಣ್ಣಗಾದ ಬಟ್ಟಲುಗಳನ್ನು ಪಕ್ಕಕ್ಕೆ ಸರಿಸಿದರು. "ಗುಬ್ಬಚ್ಚಿ, ನಾಳೆ ಒಂಬತ್ತಕ್ಕೆ ಪರೀಕ್ಷೆ. ನೀನೊಬ್ಬಳೇ ಬರಿ. ಮೇಷ್ಟ್ರೇ, ನೀವು ನನ್ನ ಕೋಣೆಗೆ ಬನ್ನಿ."

ಗುಬ್ಬಚ್ಚಿ ಓಣಿಗೆ ಹೋದಳು. ಬೀರು ತೆರೆದು, ಗಡಿಯಾರದ ಪಟ್ಟಿ ಸರಿಸಿ, ಹಾಡಹಗಲು ಎಲ್ಲರ ಎದುರು ಒಂದು ಹನಿ ಹಾಕಿಕೊಂಡಳು. "ಇವತ್ತಿನ ಕೆಲಸ ಮುಗೀತು," ಎಂದಳು. ಅವಳ ದನಿ ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು.

ಮೆಟ್ಟಿಲ ಬಳಿ ಮೇಷ್ಟ್ರು ಅವಳಿಗೆ ಎದುರಾದರು. ಕ್ಷಮೆ ಕೇಳುತ್ತಾರೆಂದುಕೊಂಡೆ. ಅವರು ಕೇಳಿದ್ದೇ ಬೇರೆ.

"ಅದು ನಿಜವಾಗ್ಲೂ ಹೇಗಿದೆ, ಮಗೂ?"

ಅವಳು ನಿಂತಳು. ಹೊರಟೇಹೋಗುತ್ತಾಳೆಂದು ನಾನು ಮೆಟ್ಟಿಲ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದೆ. ಅವಳು ಮಣಿಕಟ್ಟು ಮೂಗಿಗೆ ತಂದು, ಬಟ್ಟಲಿನ ಮುಂದೆ ನಿಂತು ವರದಿ ಒಪ್ಪಿಸುವ ಹಾಗೆಯೇ ಹೇಳಿದಳು:

"ಮೊದಲು ಕಿತ್ತಳೆ ಸಿಪ್ಪೆ, ಸಾರ್. ಚುರುಕು. ಕಾಲು ಗಂಟೆ ನಿಲ್ಲಲ್ಲ. ಆಮೇಲೆ ಒಣಗಿದ ಮರ. ಅದು ರಾತ್ರಿವರೆಗೂ ಇರುತ್ತೆ."