ಏಳನೇ ರಿಂಗು

"ನಿಮಗೆ ಹತ್ತಿರವಾದವರು ನಿಮ್ಮನ್ನು ಬಿಟ್ಟು ಹೋಗಬಹುದೆಂಬ ಚಿಂತೆ ನಿಮಗಿದೆಯೇ?"

ನಾನು ಕೇಳಿದ್ದು ಬಾಗಿಲ ಬಳಿ ಗೊಂಬೆಗಳಿಗೆ ಕಣ್ಣು ಬರೆಯುತ್ತ ಕೂತಿದ್ದ ಅಕ್ಬರಿ ಬೇಗಂ ಅವರನ್ನು. ಉತ್ತರ ಬಂದದ್ದು ಒಳಗಿನ ಲೇತ್ ಮೆಷೀನಿನ ಹಿಂದಿನಿಂದ.

"ಐತಲ್ಲ ಮೇಡಂ! ಹೋದ ತಿಂಗ್ಳು ಮೂರು ಜನ ಕೆಲ್ಸ ಬಿಟ್ಟು ಹೋದ್ರು. ಈ ತಿಂಗ್ಳು ಇಬ್ರು ಹೊರಟವ್ರೆ. ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸು ಹಾರನ್ ಹೊಡುದ್ರೆ ಸಾಕು, ನನ್ನೆದೆ ಧಸಕ್ ಅಂತದೆ. ಸರ್ಕಾರದವ್ರು ಇದ್ಕೇನಾದ್ರೂ ಮಾಡ್ತೀರಾ?"

"ನಾನು ಸರ್ಕಾರದವಳಲ್ಲ. ಈ ಪ್ರಶ್ನೆ ನಿಮಗೂ ಅಲ್ಲ. ಹೆಂಗಸರಿಗೆ ಮಾತ್ರ."

ಮೆಷೀನು ನಿಂತಿತು. ಅದರ ಹಿಂದಿನಿಂದ ಒಬ್ಬ ಎದ್ದು ಬಂದ. ಹುಬ್ಬು, ರೆಪ್ಪೆಗಳ ಮೇಲೆಲ್ಲ ಮರದ ಪುಡಿ, ಹತ್ತೂ ಬೆರಳಿಗೆ ಹಳದಿ ಅರಗು.

"ಯಾಕೆ, ಗಂಡಸ್ರಿಗೆ ಚಿಂತೆ ಇರಾಕಿಲ್ವಾ?" ಎಂದ. ನಗುತ್ತಿದ್ದಾನೋ ಗದರುತ್ತಿದ್ದಾನೋ ಆ ಪುಡಿಯೊಳಗೆ ಗೊತ್ತಾಗಲಿಲ್ಲ. ರೆಪ್ಪೆ ಬಡಿದಾಗ ಪುಡಿ ಉದುರಿತು. ನಗುತ್ತಲೇ ಇದ್ದ.

ಹೀಗೆ ನನಗೆ ಅಶ್ವಥ್ ಸಿಕ್ಕಿದ್ದು. ಅಕ್ಕೂರಿನವನು, ಚನ್ನಪಟ್ಟಣದಲ್ಲಿ ಆಟಿಕೆಯ ವರ್ಕ್‌ಶಾಪ್ ಇಟ್ಟುಕೊಂಡಿದ್ದ.

ಅದು ಎರಡು ಸಾವಿರದ ಏಳು. ರಾಮನಗರ ಜಿಲ್ಲೆಯಾಗಿ ಹೊಸ ಬೋರ್ಡುಗಳ ಬಣ್ಣ ಇನ್ನೂ ಒಣಗಿರಲಿಲ್ಲ. ಹೆದ್ದಾರಿಯ ಉದ್ದಕ್ಕೂ ಫ್ಯಾಕ್ಟರಿಗಳು ಏಳುತ್ತಿದ್ದವು. ನಾನು ಉಮಾಮಹೇಶ್ವರಿ, ಮಾಗಡಿಯಲ್ಲಿ ದಿನಸಿ ಅಂಗಡಿ ಇಟ್ಟಿರುವ ರೇವಣಸಿದ್ದಯ್ಯನವರ ಒಬ್ಬಳೇ ಮಗಳು. ಮೈಸೂರಿನಲ್ಲಿ ಮನಃಶಾಸ್ತ್ರದ ಎಂ.ಫಿಲ್. ಮಾಡುತ್ತಿದ್ದೆ. ದುಡಿಯುವ ಹೆಂಗಸರು ತಮ್ಮವರನ್ನು ಹೇಗೆ ಹಚ್ಚಿಕೊಳ್ಳುತ್ತಾರೆ, ಅದಕ್ಕೂ ಅವರ ಮನಸ್ಸಿನ ಆರೋಗ್ಯಕ್ಕೂ ಏನು ಸಂಬಂಧ ಎಂದು ಅಳೆಯುವುದು ನನ್ನ ಕೆಲಸ.

ಕೆಲವರು ನೆಮ್ಮದಿಯಾಗಿ ಹಚ್ಚಿಕೊಳ್ಳುತ್ತಾರೆ. ಕೆಲವರಿಗೆ ಎಲ್ಲಿ ಬಿಟ್ಟುಹೋಗುತ್ತಾರೋ ಎಂಬ ಆತಂಕ ಸದಾ ಕಾಡುತ್ತದೆ. ಇನ್ನು ಕೆಲವರು, ಯಾರಾದರೂ ಹತ್ತಿರ ಬಂದರೆ ಸಾಕು, ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಇದನ್ನು ಕಂಡುಹಿಡಿಯಲು ಹದಿನೆಂಟು ವಾಕ್ಯಗಳು, ಪ್ರತಿಯೊಂದಕ್ಕೂ ಒಂದರಿಂದ ಏಳರವರೆಗೆ ಅಂಕ. ಕೊನೆಯಲ್ಲಿ ನಿದ್ದೆ, ಭಯ, ಬೇಸರದ ಬಗ್ಗೆ ಹತ್ತು ಪ್ರಶ್ನೆ.

ನಾನೇ ತುಂಬಿ ನೋಡಿದ್ದೆ. ನಾನು ಮೂರನೇ ಪಂಗಡ. ಅದಕ್ಕೆ ಫಾರಂ ಬೇಕಿರಲಿಲ್ಲ. ಆರನೇ ವಯಸ್ಸಿಗೇ ನನ್ನನ್ನು ತುಮಕೂರಿನ ಹಾಸ್ಟೆಲ್ಲಿಗೆ ಸೇರಿಸಿದ್ದರು. ಭಾನುವಾರ ನೋಡಲು ಬಂದ ಅಪ್ಪ ಹೊರಡುವ ಮೊದಲೇ ನಾನು ಬೆನ್ನು ತಿರುಗಿಸಿ ಒಳಗೆ ಓಡುತ್ತಿದ್ದೆ. ಇಂದಿಗೂ ಬಸ್ಸಿನಲ್ಲಿ, ಕಳಿಸಿಕೊಡಲು ಬಂದವರು ಕಾಣದ ಕಡೆಯ ಕಿಟಕಿಯೇ ನನಗೆ ಬೇಕು.

ಮೊದಲ ದಿನವೇ ಅಂಕಗಳು ಕೈಕೊಟ್ಟವು.

"ಒಸಿ ಹೌದು, ಒಸಿ ಇಲ್ಲ ಕನವ್ವ," ಎಂದಳು ಒಬ್ಬಾಕೆ.

"ಒಸಿ ಅಂದ್ರೆ ಎಷ್ಟು? ಮೂರಾ, ನಾಲ್ಕಾ?"

"ಒಸಿ ಅಂದ್ರೆ ಒಸಿ."

ಸಂಜೆ ಹೊತ್ತಿಗೆ ನನ್ನ ಸಪ್ಪೆ ಮುಖ ನೋಡಲಾರದೆ ಅಶ್ವಥ್ ಒಂದು ಆಟಿಕೆ ಮಾಡಿ ತಂದಿಟ್ಟ. ಒಂದು ಗೂಟ, ಅದಕ್ಕೆ ಪೋಣಿಸಲು ಏಳು ಬಣ್ಣದ ಏಳು ರಿಂಗುಗಳು. ಕೆಳಗೆ ದೊಡ್ಡ ಹಸಿರು, ತುದಿಯಲ್ಲಿ ಪುಟ್ಟ ಕೆಂಪು.

"ಪೂರ್ತಿ ನಿಜ ಅನ್ಸಿದ್ರೆ ಏಳೂ ಹಾಕ್ಲಿ. ಒಸೂ ಇಲ್ದಿದ್ರೆ ಒಂದು. ಕೈಗೆ ಸಿಕ್ಕಿದ್ರೆ ನಮ್ಮೋರ್ಗೆ ಲೆಕ್ಕ ಬತ್ತದೆ ಮೇಡಂ, ಬಾಯಿಗೆ ಬರಾಕಿಲ್ಲ."

ನನಗೆ ಅವನನ್ನು ಅಪ್ಪಿಕೊಳ್ಳುವಷ್ಟು ಖುಷಿಯಾಯಿತು. ಬದಲಿಗೆ "ಥ್ಯಾಂಕ್ಸ್" ಎಂದೆ, ಬಹಳ ಗಂಭೀರವಾಗಿ.

ಹೆಂಗಸರು ನನ್ನೆದುರು ನಾಚುತ್ತಿದ್ದರು. ಅದಕ್ಕೆ ವಾಕ್ಯ ಓದಿ ನಾನು ಬೆನ್ನು ತಿರುಗಿಸಿ ಕೂರುತ್ತಿದ್ದೆ. ಅವರೇ ರಿಂಗು ಹಾಕಿ, ಎಣಿಸಿ, ಹಾಳೆಯಲ್ಲಿ ಅಷ್ಟು ಗೀಟು ಎಳೆದು, ಕೊನೆಗೆ ಮಡಚಿ ಡಬ್ಬಕ್ಕೆ ಹಾಕುತ್ತಿದ್ದರು. ಹೆಸರಿಲ್ಲ, ನಂಬರ್ ಮಾತ್ರ. ಬೆನ್ನು ತಿರುಗಿಸುವುದರಲ್ಲಿ ನನಗೆ ಅಭ್ಯಾಸವಿತ್ತಲ್ಲ, ಕಷ್ಟವೇನೂ ಆಗಲಿಲ್ಲ. ಕಷ್ಟವೆಂದರೆ ಹಾಗೆ ತಿರುಗಿ ಕೂತರೆ ಎದುರಿಗೆ ಲೇತ್ ಮೆಷೀನು ಕಾಣುತ್ತಿತ್ತು, ಅದರ ಹಿಂದೆ ಅವನು.

ಅವನು ಕೇದಿಗೆ ಗರಿಯಿಂದ ಮರಕ್ಕೆ ಹೊಳಪು ಕೊಡುವಾಗ ತುಟಿ ಒಸಿ ಮುಂದೆ ಬರುತ್ತಿತ್ತು. ನಾನು ನೋಡುತ್ತಿದ್ದೇನೆಂದು ಗೊತ್ತಾದರೆ ತಲೆ ಎತ್ತದೆಯೇ ಕಣ್ಣು ಮಾತ್ರ ಎತ್ತುತ್ತಿದ್ದ. ನಾನು ತಕ್ಷಣ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದೆ. ಆ ತಿಂಗಳ ಎಲ್ಲ ತಿಥಿಗಳೂ ನನಗೆ ಬಾಯಿಪಾಠವಾದವು.

ನಾಲ್ಕು ಗಂಟೆಗೆ ಅವನೇ ಟೀ ಮಾಡುತ್ತಿದ್ದ.

"ಹೆಂಗೈತೆ? ಏಳಕ್ಕೆ ಎಷ್ಟು?"

"ನಾಲ್ಕು."

"ಭಾಳ ಬಿಗಿ ಮೇಷ್ಟ್ರು ನೀವು." ಮರುದಿನ ಶುಂಠಿ ಜಾಸ್ತಿ. ಐದು ಕೊಟ್ಟೆ. ಏಲಕ್ಕಿ ಬಿತ್ತು. ಎಂಟನೇ ದಿನ ಬಾಯಿ ತಪ್ಪಿ "ಆರು" ಎಂದುಬಿಟ್ಟೆ.

"ಏಳು ಯಾವತ್ತು?" ಎಂದು ಅವನು ನನ್ನ ಕಣ್ಣನ್ನೇ ನೋಡಿದ. ಟೀ ಬಗ್ಗೆ ಕೇಳಿದ ಹಾಗಿರಲಿಲ್ಲ. ನನ್ನ ಕಿವಿ ಬಿಸಿಯಾಯಿತು. ಅಕ್ಬರಿ ಬೇಗಂ ಗೊಂಬೆಯೊಂದಕ್ಕೆ ಹುಬ್ಬು ಬರೆಯುತ್ತ ತಮ್ಮ ಹುಬ್ಬು ಏರಿಸಿದರು.

ಗಾಬರಿಗೆ ನಾನು ಡಬ್ಬ ತೆರೆದು ಕೂತೆ. ನಲವತ್ತು ಹಾಳೆ.

ಮೊದಲನೆಯದರಲ್ಲಿ ಎಲ್ಲಕ್ಕೂ ಏಳು. ಎರಡನೆಯದರಲ್ಲೂ ಏಳು. ಎಲ್ಲರನ್ನೂ ಹತ್ತಿರ ಬಿಟ್ಟುಕೊಳ್ಳುತ್ತೇನೆ, ಏಳು. ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಏಳು. ನಲವತ್ತು ಹಾಳೆಯಲ್ಲೂ ಅದೇ ಕಥೆ.

"ಇದೇನು ಬೇಗಂ? ಎಲ್ಲರೂ ಏಳೇ ಹಾಕಿದ್ದಾರಲ್ಲ?"

"ಮತ್ತೆ?" ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ಮೂರು ರಿಂಗು ಹಾಕಿ ಹೆಂಗಮ್ಮಾ ಎದ್ದು ಹೋಗೋದು? ಅರ್ಧ ಮಾಲು ಅಲ್ವಾ ಅದು? ಇಪ್ಪತ್ತು ವರ್ಷದಿಂದ ಈ ಕೈಯಿಂದ ಅರ್ಧ ಮಾಲು ಒಂದೂ ಆಚೆ ಹೋಗಿಲ್ಲ."

ಆಟಿಕೆ ಮಾಡುವವರ ಕೈಗೆ ಅರ್ಧ ಆಟಿಕೆ ಕೊಟ್ಟು, ಹಾಗೇ ಬಿಡಿ ಎಂದಿದ್ದೆವು. ಅವರು ಹೇಗೆ ಬಿಟ್ಟಾರು? ಈಗ ನೆನೆದರೆ ನಗು ಬರುತ್ತದೆ. ಅಂದು ಬರಲಿಲ್ಲ. ತಿಂಗಳ ಕೊನೆಗೆ ಮೈಸೂರಿನಲ್ಲಿ ನನ್ನ ಗೈಡ್‌ಗೆ ಲೆಕ್ಕ ಒಪ್ಪಿಸಬೇಕಿತ್ತು.

"ನಿಮ್ಮ ಆಟದ ಸಾಮಾನಿನಿಂದ ನನ್ನ ಎಂಟು ದಿನ ಹಾಳಾಯಿತು," ಎಂದು ಅಶ್ವಥ್ ಮೇಲೆ ರೇಗಿದೆ.

ಅವನು ವಾದ ಮಾಡಲಿಲ್ಲ. "ತಪ್ಪು ನಂದೇ ಮೇಡಂ. ಸರಿ ಮಾಡ್ಕೊಡ್ತೀನಿ. ನಾಳೆ ಬನ್ನಿ."

"ನಾಳೆ ಬರಲ್ಲ," ಎಂದು ಬ್ಯಾಗ್ ಎತ್ತಿಕೊಂಡೆ. ಮೈಸೂರಿನ ಬಸ್ಸು ಹತ್ತಿ, ಆ ಕಡೆಯ ಕಿಟಕಿಗೆ ಕೂತೆ.

ನಿಜ ಹೇಳಬೇಕೆಂದರೆ ನನ್ನನ್ನು ಓಡಿಸಿದ್ದು ನಲವತ್ತು ಹಾಳೆಯಲ್ಲ, ಟೀಗೆ ಕೊಟ್ಟ ಆ ಆರು. ಇನ್ನೊಂದೇ ಅಂಕ ಉಳಿದಿತ್ತು. ಅವನು ಬಿಡುವ ಮೊದಲು ನಾನೇ ಬಿಟ್ಟೆ. ಹಿಡಿದುಕೊಂಡೇ ಇಲ್ಲದವನು ಬಿಡುವುದೇನು ಬಂತು ಎಂದು ಯೋಚಿಸುವಷ್ಟು ಬುದ್ಧಿ ಇರಲಿಲ್ಲ.

"ನಾನೇ ಆ ಮೂರನೇ ಪಂಗಡ ಮೇಡಂ, ನನ್ನಿಂದ ಆಗಲ್ಲ," ಎಂದು ಗೈಡ್ ಎದುರು ಅತ್ತೆ. ಅವರು ಕನ್ನಡಕ ತೆಗೆದಿಟ್ಟರು.

"ಉಮಾ, ನೀನು ಅಳೆಯೋದು ಇವತ್ತಿನ ಮನಸ್ಸನ್ನ. ಅದು ಜಾತಕ ಅಲ್ಲ. ನಂಬಿಕೆಗೆ ತಕ್ಕವರು ಸಿಕ್ಕರೆ ಅಂಕ ಬದಲಾಗುತ್ತೆ. ಅಷ್ಟೂ ಓದಿಕೊಂಡಿಲ್ವಾ?"

ಓದಿಕೊಂಡಿದ್ದೆ. ಪರೀಕ್ಷೆಗೆ ಮಾತ್ರ.

ಐದನೇ ದಿನ ಡಿಪಾರ್ಟ್‌ಮೆಂಟಿಗೆ ಒಂದು ಪಾರ್ಸೆಲ್ ಬಂತು. 'ಸಂದೇಹವಿದ್ದಲ್ಲಿ ಸಂಪರ್ಕಿಸಿ' ಎಂದು ಫಾರಂ ಕೆಳಗೆ ಹಾಕಿದ್ದ ವಿಳಾಸವನ್ನು ಅಶ್ವಥ್ ಹುಡುಕಿದ್ದ. ಒಳಗೆ ಮರದ ಏಳು ಮೆಟ್ಟಿಲು, ಮತ್ತು ಹೆಬ್ಬೆರಳಿನಷ್ಟು ಒಂದು ಹೆಣ್ಣು ಗೊಂಬೆ. ಜೊತೆಗೆ ಚೀಟಿ:

'ಮೇಡಂ, ತಪ್ಪು ರಿಂಗಿನದು, ನಮ್ಮ ಹೆಂಗಸರದಲ್ಲ. ಈ ಗೊಂಬೆಯನ್ನು ಯಾವ ಮೆಟ್ಟಿಲಲ್ಲಿ ಬೇಕಾದರೂ ನಿಲ್ಲಿಸಬಹುದು. ಎಲ್ಲಿ ನಿಂತರೂ ಅದು ಪೂರ್ತಿ. ನಲವತ್ತು ಜನವೂ ಇನ್ನೊಮ್ಮೆ ಹೇಳಲು ಒಪ್ಪಿದ್ದಾರೆ. ಬನ್ನಿ. ಬಾರದಿದ್ದರೆ ಕೋಪವಿಲ್ಲ, ಬೇಜಾರಿದೆ. ಅಶ್ವಥ್.'

ಗೊಂಬೆಗೆ ನನ್ನ ಹಾಗೇ ದುಂಡು ಕನ್ನಡಕ ಬರೆದಿತ್ತು. ಇದು ಅಕ್ಬರಿ ಬೇಗಂ ಕೈಯೇ. ನಾನು ಕೂತಲ್ಲೇ ನಕ್ಕೆ, ನಗುತ್ತ ನಗುತ್ತ ಕಣ್ಣು ಒರೆಸಿಕೊಂಡೆ. ಬಿಟ್ಟು ಬಂದ ಜಾಗಕ್ಕೆ ನಾನು ಮತ್ತೆ ಹೋದದ್ದು ಜೀವನದಲ್ಲೇ ಅದು ಮೊದಲು.

ವರ್ಕ್‌ಶಾಪಿನಲ್ಲಿ ಯಾರೂ ಏನೂ ಕೇಳಲಿಲ್ಲ. "ಬಂದ್ರಾ? ಕೂತ್ಕೊಳಿ," ಎಂದು ಅಶ್ವಥ್ ಸ್ಟೂಲಿನ ಪುಡಿ ಒರೆಸಿದ, ಅಷ್ಟೆ.

ಗೊಂಬೆ ಮೆಟ್ಟಿಲು ಹತ್ತಿತು, ಇಳಿಯಿತು. ಎರಡರಲ್ಲಿ ನಿಂತಿತು, ಐದರಲ್ಲಿ ನಿಂತಿತು. ಹೆಂಗಸರಿಗೆ ಎಷ್ಟು ಹಿಡಿಸಿತೆಂದರೆ, ಮುಗಿಸಿದವರೂ ಮತ್ತೆ ಸಾಲಿನಲ್ಲಿ ನಿಂತರು. ಹಾಳೆಗಳು ನಿಧಾನವಾಗಿ ಮಾತಾಡತೊಡಗಿದವು. ಕಷ್ಟಕ್ಕೆ ಆತುಕೊಳ್ಳಲು ಒಬ್ಬರಾದರೂ ಇದ್ದಾರೆಂದವರು ನಿದ್ದೆ ಚೆನ್ನಾಗಿದೆ ಎಂದಿದ್ದರು. ಯಾರ ಮೇಲೂ ಭಾರ ಹಾಕಲ್ಲ ಎಂದ ನಂಬರ್ ಹದಿನೇಳು, ಎಷ್ಟೋ ದಿನ ಕಾರಣವಿಲ್ಲದೆ ಅಳು ಬರುತ್ತದೆ ಎಂದಿದ್ದಳು. ಅವಳು ಯಾರೆಂದು ನನಗೆ ಗೊತ್ತಿಲ್ಲ. ಆದರೆ ಅವಳ ಹಾಳೆ ಓದುವಾಗ ನನ್ನದೇ ಓದಿದಂತಾಯಿತು.

ಕೊನೆಯ ದಿನ. ನಾಲ್ಕೂವರೆಗೆ ಮೈಸೂರಿನ ಬಸ್ಸು. ಅಶ್ವಥ್ ಮೆಟ್ಟಿಲು, ಗೊಂಬೆ ತಂದು ನನ್ನೆದುರು ಇಟ್ಟು ಕೂತ.

"ನನ್ನೂ ಒಂದ್ಸಲ ಕೇಳಿ ಮೇಡಂ."

"ಹೆಂಗಸರಿಗೆ ಮಾತ್ರ ಅಂತ ಹೇಳಿದ್ನಲ್ಲ."

"ಲೆಕ್ಕಕ್ಕೆ ಹಿಡೀಬೇಡಿ. ಸುಮ್ಕೆ ಕೇಳಿ. ಬೆನ್ನು ಮಾತ್ರ ತಿರುಗಿಸ್ಬೇಡಿ."

ನಾನು ಫಾರಂ ಹಿಡಿದೆ. "ನನಗೆ ಹತ್ತಿರವಾದವರು ನನ್ನನ್ನು ಬಿಟ್ಟು ಹೋಗಬಹುದೆಂಬ ಚಿಂತೆ ನನಗಿದೆ."

ಅವನು ಗೊಂಬೆಯನ್ನು ತುದಿಯ ಮೆಟ್ಟಿಲಿಗೆ ಏರಿಸಿದ. "ಮಾಮೂಲಿ ದಿನ ಎರಡು. ಇವತ್ತು ಏಳು. ನೀವಂದ್ರೆ ನಂಗಿಷ್ಟ ಕಣ್ರೀ. ಹೋಗ್ಬೇಡಿ ಅನ್ನಾಕಿಲ್ಲ, ನಿಮ್ಮ ಓದೈತೆ. ವಾಪಸ್ ಬತ್ತೀರಾ ಇಲ್ವಾ, ಅಷ್ಟು ಹೇಳ್ಬುಡಿ."

ಇಷ್ಟು ನೇರವಾಗಿ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಹಳೆಯ ಅಭ್ಯಾಸಕ್ಕೆ ಕಾಲು ಬಾಗಿಲ ಕಡೆ ಹೊರಟಿತ್ತು. ಹಿಡಿದು ನಿಲ್ಲಿಸಿದೆ.

"ನನಗೆ ಭಯ ಆಗ್ತದೆ ಅಶ್ವಥ್. ಯಾರಾದ್ರೂ ಹತ್ತಿರ ಬಂದ್ರೆ ಓಡಿಹೋಗ್ತೀನಿ. ನೋಡಿದ್ರಲ್ಲ."

"ಓಡೋದು ನೋಡ್ದೆ. ವಾಪಸ್ ಬಂದಿದ್ದೂ ನೋಡ್ದೆ."

ಕಪಾಟಿನ ಮೇಲೆ ಹಳೆಯ ರಿಂಗಿನ ಆಟಿಕೆ ಧೂಳು ಹಿಡಿದು ಕೂತಿತ್ತು. ಎದ್ದು ಹೋಗಿ ತಂದೆ. ತುದಿಯ ಕೆಂಪು ರಿಂಗು ತೆಗೆದು ಅವನ ಅಂಗೈಯಲ್ಲಿಟ್ಟು, ಉಳಿದದ್ದನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ.

"ಏನಿದು?"

"ಕೇಳ್ತಿದ್ರಲ್ಲ, ಏಳಕ್ಕೆ ಎಷ್ಟು ಅಂತ. ಸದ್ಯಕ್ಕೆ ಆರು. ಏಳನೇದು ನಿಮ್ಮ ಹತ್ರ ಇದೆ."

"ಅಯ್ಯೋ ಅಲ್ಲಾ!" ಅಕ್ಬರಿ ಬೇಗಂ ಕುಂಚ ಕೆಳಗಿಟ್ಟರು. "ಅರ್ಧ ಮಾಲು ಆಚೆ ತಗೊಂಡು ಹೋಗ್ತಾಳಲ್ಲ ಈ ಹುಡುಗಿ!"

"ಪೂರ್ತಿ ಮಾಡಕ್ಕೆ ಭಾನುವಾರ ಬರ್ತೀನಿ ಬೇಗಂ," ಎಂದೆ. ಆಮೇಲೆ, ಈಗ ಬಿಟ್ಟರೆ ಎಲ್ಲಿ ಹೇಳದೇ ಹೋಗುತ್ತೇನೋ ಎಂದು ಅವನ ಕಡೆ ತಿರುಗಿ ಹೇಳಿಬಿಟ್ಟೆ. "ನನಗೂ ನೀವಂದ್ರೆ ಇಷ್ಟ."

ಅಶ್ವಥ್ ಮುಷ್ಟಿ ಮುಚ್ಚಿದ. ಅವನ ರೆಪ್ಪೆಯ ಮೇಲೆ ಆ ಮೊದಲ ದಿನದ ಹಾಗೇ ಪುಡಿ ಇತ್ತು. ಕೈ ಚಾಚಿ ನಾನೇ ಒರೆಸಿದೆ.

ಅವನು ಬಸ್‌ಸ್ಟ್ಯಾಂಡಿಗೂ ಬಂದು, ಬಸ್ಸು ಹತ್ತಿ ನನ್ನ ಬ್ಯಾಗನ್ನು ಕ್ಯಾರಿಯರ್ ಮೇಲಿಟ್ಟ. "ಯಾವ ಕಡೆ ಸೀಟು?" ಎಂದು ಕೇಳಿದ.

"ಈ ಕಡೆ," ಎಂದು, ಇಳಿದು ನಿಂತರೆ ಅವನು ಕಾಣುವ ಕಿಟಕಿಗೆ ಕೂತೆ. ಬಸ್ಸು ತಿರುವು ದಾಟುವವರೆಗೂ ನೋಡುತ್ತಲೇ ಇದ್ದೆ.